ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡ್‌ನಲ್ಲಿ ಕನ್ನಡ ತಾಣವನ್ನು ನಡೆಸಲು ಆರಂಭಿಸುವುದು ಹೇಗೆ

ಉಡುಪಿಯ ಸಮೀಪದ ನಮ್ಮ ಹವ್ಯಾಸಿ ಯಕ್ಷಗಾನ ಸಂಘಕ್ಕೆ ಜಾಲತಾಣವೊಂದು ಬೇಕೆಂದು ತೀರ್ಮಾನವಾದಾಗ ಅದನ್ನು ಕಟ್ಟಿಕೊಡುವವರು ಸುಲಭವಾಗಿಯೇ ಸಿಕ್ಕಿದರು. ಆದರೆ ಕಟ್ಟಿದ ತಾಣವನ್ನು ದಿನನಿತ್ಯ ನಡೆಸುವವರು ಯಾರು ಎಂಬ ಪ್ರಶ್ನೆ ಎದ್ದಾಗ ಸಭೆಯಲ್ಲಿದ್ದವರೆಲ್ಲ ಪರಸ್ಪರ ಮುಖ ನೋಡಿಕೊಂಡರು. ಕಾರ್ಯದರ್ಶಿಗಳು ಧೈರ್ಯ ಮಾಡಿ ಲಾಗಿನ್ ಆದರು. ಪರದೆಯ ಎಡಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಇಳಿದಿದ್ದ ಪಟ್ಟಿಯನ್ನು ಕಂಡು, "ಯಾವುದನ್ನು ಮುಟ್ಟಿದರೆ ಏನು ಹಾಳಾಗುತ್ತದೋ ಮಾರಾಯ್ರೆ" ಎಂದು ಲ್ಯಾಪ್‌ಟಾಪನ್ನು ನನ್ನತ್ತ ಸರಿಸಿದರು. ಈ ಮಾರ್ಗದರ್ಶಿಯನ್ನು ಅಂಥ ಅಳುಕಿರುವವರಿಗಾಗಿಯೇ ಬರೆದಿದ್ದೇನೆ. ತಾಣವನ್ನು ಸ್ಥಾಪಿಸುವ ತಾಂತ್ರಿಕ ಕೆಲಸ ಮುಗಿದಿದೆ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೈಗೆ ಬಂದಿವೆ, ಇನ್ನು ಮುಂದೇನು ಎಂಬಲ್ಲಿಂದ ಇದು ಆರಂಭವಾಗುತ್ತದೆ.

ಇಲ್ಲಿ ವಿವರಿಸುತ್ತಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಅವರು ಇದರ ಮೊದಲ ಆವೃತ್ತಿಯನ್ನು 2003ರ ಮೇ 27ರಂದು ಹೊರತಂದರು. ಅಂದಿನಿಂದಲೂ ಇದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶವಾಗಿಯೇ ಇದೆ. ಇದೇ ಹೆಸರಿನಲ್ಲಿ ಎರಡು ಸಂಗತಿಗಳು ಚಲಾವಣೆಯಲ್ಲಿರುವುದರಿಂದ ಆರಂಭದಲ್ಲಿಯೇ ಗೊಂದಲ ನಿವಾರಿಸಿಕೊಳ್ಳುವುದು ಒಳ್ಳೆಯದು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ದೊರೆಯುವುದು ತಂತ್ರಾಂಶ; ಅದನ್ನು ನಾವು ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬೇಕು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಆಟೊಮ್ಯಾಟಿಕ್ ಕಂಪನಿ ನಡೆಸುವ ಸೇವೆ. ಅಲ್ಲಿ ಸ್ಥಾಪನೆಯ ಗೋಜಿಲ್ಲ, ಆದರೆ ಕೆಲವು ಸೌಲಭ್ಯಗಳು ನೀವು ಕೊಡುವ ಹಣವನ್ನು ಅವಲಂಬಿಸಿರುತ್ತವೆ ಮತ್ತು ಪಟ್ಟಿಯ ಕೆಲವು ಅಂಶಗಳು ಬೇರೆಯಾಗಿ ಕಾಣುತ್ತವೆ. ಮುಂದಿನ ವಿವರಣೆ ಮೊದಲನೆಯದಕ್ಕೆ ಸಂಬಂಧಿಸಿದ್ದು.

ಚೌಕಿ ಮತ್ತು ರಂಗಸ್ಥಳ

ಯಕ್ಷಗಾನ ಬಲ್ಲವರಿಗೆ ಈ ವ್ಯವಸ್ಥೆಯನ್ನು ತಿಳಿಸುವುದು ಕಷ್ಟವಲ್ಲ. ತಾಣದ ವಿಳಾಸವನ್ನು ತೆರೆದಾಗ ಎಲ್ಲರಿಗೂ ಕಾಣುವುದು ರಂಗಸ್ಥಳ; ವೇಷ ಸಿದ್ಧವಾಗುವ, ಪೆಟ್ಟಿಗೆಗಳನ್ನು ಇಟ್ಟಿರುವ, ಹೊರಗಿನವರಿಗೆ ಪ್ರವೇಶವಿಲ್ಲದ ಚೌಕಿಯೇ ಡ್ಯಾಶ್‌ಬೋರ್ಡ್. ಚೌಕಿಗೆ ಹೋಗುವ ದಾರಿ ತಾಣದ ವಿಳಾಸದ ಕೊನೆಯಲ್ಲಿ ಸ್ಲ್ಯಾಶ್ ಹಾಕಿ, ಡಬ್ಲ್ಯೂ, ಪಿ, ಹೈಫನ್, ಅಡ್ಮಿನ್ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಷರಗಳಲ್ಲಿ ಬರೆಯುವುದು. ಈ ವಿಳಾಸವನ್ನು ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಯಾವುದೋ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಹಾಕುವ ಅಭ್ಯಾಸ ಬೇಡ. ಲಾಗಿನ್ ಪುಟದಲ್ಲಿರುವ "ರಿಮೆಂಬರ್ ಮಿ" ಎಂಬ ಚೌಕಕ್ಕೆ ಗುರುತು ಹಾಕಿದರೆ 14 ದಿನ, ಹಾಕದಿದ್ದರೆ 2 ದಿನ ಒಳಗಿರಲು ಅವಕಾಶವಿರುತ್ತದೆ. ಸೈಬರ್ ಕೆಫೆಯಲ್ಲಿ ಅಥವಾ ಸಂಘದ ಕಚೇರಿಯ ಸಾರ್ವಜನಿಕ ಕಂಪ್ಯೂಟರ್‌ನಲ್ಲಿ ಆ ಗುರುತು ಹಾಕಲೇಬಾರದು.

ಒಳಗೆ ಬಂದೊಡನೆ ಮೂರು ಭಾಗಗಳು ಕಾಣುತ್ತವೆ. ಮೇಲ್ಗಡೆ ಅಡ್ಡಲಾಗಿ ಹಬ್ಬಿರುವ ಕಪ್ಪು ಪಟ್ಟಿಯಲ್ಲಿ ತಾಣದ ಹೆಸರಿರುತ್ತದೆ. ಅದನ್ನು ಒತ್ತಿದರೆ ಚೌಕಿಯಿಂದ ರಂಗಸ್ಥಳಕ್ಕೂ, ಮತ್ತೆ ಒತ್ತಿದರೆ ಅಲ್ಲಿಂದ ಚೌಕಿಗೂ ಬರಬಹುದು. ಎಡಬದಿಯಲ್ಲಿ ಪಟ್ಟಿ, ಮಧ್ಯದಲ್ಲಿ ಕೆಲಸದ ಜಾಗ. ಮಧ್ಯದ ಜಾಗದಲ್ಲಿ ಮೊದಲ ದಿನ ಕಾಣುವ ಚೌಕಗಳಲ್ಲಿ ವರ್ಡ್‌ಪ್ರೆಸ್ ಲೋಕದ ಸುದ್ದಿಗಳೇ ಮೊದಲಾದ, ನಮಗೆ ತಕ್ಷಣ ಬೇಡವಾದ ಸಂಗತಿಗಳಿರುತ್ತವೆ. ಬಲತುದಿಯಲ್ಲಿರುವ "ಸ್ಕ್ರೀನ್ ಆಪ್ಶನ್ಸ್" ಎಂಬುದನ್ನು ತೆರೆದು ಬೇಡವಾದವುಗಳ ಗುರುತು ತೆಗೆದರೆ ಪರದೆ ಹಗುರವಾಗುತ್ತದೆ. ಅಳಿಸಿದಂತಾಗುವುದಿಲ್ಲ, ಬೇಕೆಂದಾಗ ಮರಳಿ ತರಬಹುದು. "ಅಟ್ ಎ ಗ್ಲಾನ್ಸ್" ಎಂಬ ಚೌಕವನ್ನು ಮಾತ್ರ ಉಳಿಸಿಕೊಳ್ಳಿ. ಅದರ ಪ್ರಯೋಜನ ಮುಂದೆ ಬರುತ್ತದೆ.

ಎಡಬದಿಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಪಾಠದಂತೆ ಕಲಿಯಲು ಹೊರಡುವುದೇ ಹೊಸಬರ ಮೊದಲ ತಪ್ಪು ಎಂದು ನನ್ನ ಅಭಿಪ್ರಾಯ. ಆ ಪಟ್ಟಿಯನ್ನು ಮೂರು ಪಾಲು ಮಾಡಿ ನೋಡಬೇಕು. ಸೆಟ್ಟಿಂಗ್ಸ್ ಆರಂಭದಲ್ಲಿ ಒಮ್ಮೆ ಸರಿಪಡಿಸಿ ಬಿಡಬೇಕಾದದ್ದು. ಪೋಸ್ಟ್ಸ್, ಪೇಜಸ್ ಮತ್ತು ಮೀಡಿಯಾ ದಿನವೂ ಬಳಸುವಂಥವು. ಅಪಿಯರೆನ್ಸ್, ಪ್ಲಗಿನ್ಸ್ ಮತ್ತು ಟೂಲ್ಸ್ ತಾಣವನ್ನು ಕಟ್ಟಿದವರ ಕ್ಷೇತ್ರ, ನಾವು ಅಪರೂಪಕ್ಕೆ ಮಾತ್ರ ಕೈಹಾಕತಕ್ಕವು. ಹೀಗೆ ವಿಂಗಡಿಸಿಕೊಂಡ ಕೂಡಲೇ ನಮ್ಮ ಕಾರ್ಯದರ್ಶಿಗಳ ಅಳುಕು ಅರ್ಧದಷ್ಟು ಇಳಿಯಿತು.

ಪರದೆಯ ಭಾಷೆಯ ಬಗ್ಗೆ ಒಂದು ಮಾತು. ಬಲಮೇಲ್ತುದಿಯಲ್ಲಿರುವ ನಿಮ್ಮ ಹೆಸರಿನ ಮೂಲಕ ಪ್ರೊಫೈಲ್‌ಗೆ ಹೋಗಿ ಪ್ರತಿಯೊಬ್ಬ ಬಳಕೆದಾರರೂ ತಮಗೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳುವ ಸೌಲಭ್ಯ 2016ರ ಡಿಸೆಂಬರ್‌ನಲ್ಲಿ ಬಂದ 4.7ನೇ ಆವೃತ್ತಿಯಿಂದ ಇದೆ. ಕನ್ನಡಾಭಿಮಾನವನ್ನು ಬದಿಗಿಟ್ಟು ಹೇಳುವುದಾದರೆ, ಕಲಿಯುವ ಹಂತದಲ್ಲಿ ಗುಂಡಿಗಳ ಹೆಸರು ಇಂಗ್ಲಿಷಿನಲ್ಲಿಯೇ ಇರಲಿ; ತೊಡಕು ಬಂದಾಗ ಹುಡುಕಿ ನೋಡುವ ವಿಡಿಯೊಗಳೂ ದೂರವಾಣಿಯಲ್ಲಿ ಸಹಾಯ ಮಾಡುವವರೂ ಬಳಸುವುದು ಅದೇ ಹೆಸರುಗಳನ್ನು. ತಾಣದ ಭಾಷೆಯನ್ನು ಮಾತ್ರ ಸೆಟ್ಟಿಂಗ್ಸ್‌ನಲ್ಲಿ ಕನ್ನಡವೆಂದು ಗೊತ್ತುಪಡಿಸಬೇಕು, ಏಕೆಂದರೆ ಈ ಪುಟ ಯಾವ ಭಾಷೆಯದೆಂದು ಬ್ರೌಸರ್‌ಗೂ ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ತಿಳಿಯುವುದು ಅದರಿಂದಲೇ.

ಒಮ್ಮೆ ಮಾತ್ರ ಮಾಡುವ ಕೆಲಸ

ಸೆಟ್ಟಿಂಗ್ಸ್‌ನ ಕೆಳಗಿರುವ "ಜನರಲ್" ಪುಟದಲ್ಲಿ ತಾಣದ ಹೆಸರನ್ನೂ ಒಂದು ಸಾಲಿನ ಪರಿಚಯವನ್ನೂ ಬರೆಯಬೇಕು. ಅಡ್ಮಿನಿಸ್ಟ್ರೇಶನ್ ಇಮೇಲ್ ಎಂಬಲ್ಲಿ ತಾಣ ಕಟ್ಟಿದವರ ವಿಳಾಸವೇ ಉಳಿದಿರುವುದು ಸಾಮಾನ್ಯ. ಅಲ್ಲಿ ಸಂಘದ ವಿಳಾಸವಿರಲಿ, ಯಾಕೆಂದರೆ ತಾಣದಲ್ಲಿ ದೋಷ ಕಂಡಾಗ ಎಚ್ಚರಿಕೆ ಹೋಗುವುದು ಅದಕ್ಕೆ. ಬದಲಾಯಿಸಿದ ಬಳಿಕ ಹೊಸ ವಿಳಾಸಕ್ಕೆ ಬರುವ ಪತ್ರದಲ್ಲಿನ ಕೊಂಡಿಯನ್ನು ಒತ್ತಿ ದೃಢೀಕರಿಸುವ ತನಕ ಹಳೆಯದೇ ಮುಂದುವರಿಯುತ್ತದೆ ಎಂಬುದನ್ನು ಮರೆಯಬಾರದು.

ಅದೇ ಪುಟದಲ್ಲಿರುವ "ಟೈಮ್‌ಝೋನ್" ಎಂಬುದು ಚಿಕ್ಕದಾಗಿ ಕಂಡರೂ ನಮ್ಮಂಥವರಿಗೆ ಬಹಳ ಮುಖ್ಯ. ಅದನ್ನು ಬದಲಿಸದೆ ಬಿಟ್ಟರೆ ತಾಣದ ಗಡಿಯಾರ ಜಾಗತಿಕ ಸಮಯದಲ್ಲಿ, ಎಂದರೆ ನಮಗಿಂತ ಐದೂವರೆ ಗಂಟೆ ಹಿಂದೆ ನಡೆಯುತ್ತಿರಬಹುದು. ಭಾನುವಾರ ಬೆಳಿಗ್ಗೆ 6ಕ್ಕೆ ಪ್ರಕಟವಾಗಲಿ ಎಂದು ನೀವು ಹಿಂದಿನ ರಾತ್ರಿಯೇ ಸಿದ್ಧಪಡಿಸಿಟ್ಟ ತಾಳಮದ್ದಳೆಯ ಸೂಚನೆ ಆಗ ಹೊರಬರುವುದು 11.30ಕ್ಕೆ, ಅಷ್ಟರಲ್ಲಿ ಪೀಠಿಕೆ ಮುಗಿದು ಸಂವಾದ ಕಾವೇರಿರುತ್ತದೆ. ಪಟ್ಟಿಯಲ್ಲಿ ಏಷ್ಯಾ ವಿಭಾಗದಡಿ ಕೋಲ್ಕತಾ ಎಂದಿರುವುದನ್ನು ಆರಿಸಿ, ಕೆಳಗಿನ "ಸೇವ್ ಚೇಂಜಸ್" ಗುಂಡಿಯನ್ನು ಒತ್ತಿ, ಪುಟದಲ್ಲಿ ತೋರುವ ಸ್ಥಳೀಯ ಸಮಯವನ್ನು ನಿಮ್ಮ ಗಡಿಯಾರದೊಂದಿಗೆ ಹೋಲಿಸಿ ನೋಡಿ.

"ರೀಡಿಂಗ್" ಪುಟದಲ್ಲಿ ಎರಡು ಸಂಗತಿಗಳಿವೆ. ಮುಖಪುಟದಲ್ಲಿ ಹೊಸ ಬರಹಗಳ ಸಾಲು ಕಾಣಬೇಕೇ ಅಥವಾ ಬದಲಾಗದ ಒಂದು ಸ್ವಾಗತ ಪುಟ ಕಾಣಬೇಕೇ ಎಂಬುದು ಮೊದಲನೆಯದು. ಎರಡನೆಯದು ಕೆಳಗಿರುವ ಒಂಟಿ ಚೌಕ. ಅದರಲ್ಲಿ ಗುರುತಿದ್ದರೆ, ಈ ತಾಣವನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ಕೇಳಿಕೊಂಡಂತೆ. ತಾಣವನ್ನು ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣದಿರಲೆಂದು ಗುರುತು ಹಾಕುವುದು ರೂಢಿ, ಮುಗಿದ ಮೇಲೆ ತೆಗೆಯಲು ಮರೆಯುವುದೂ ರೂಢಿ. ನಮ್ಮ ತಾಣವೂ ಒಂದು ಇಡೀ ಮಳೆಗಾಲ ಹೀಗೆಯೇ ಇತ್ತು. ಸಂಘದ ಹೆಸರನ್ನು ಬರೆದು ಹುಡುಕಿದರೂ ತಾಣ ಸಿಗುವುದಿಲ್ಲವೆಂದು ಸದಸ್ಯರು ದೂರುತ್ತಿದ್ದಾಗ ನಾನು ಕನ್ನಡದ ಮೇಲೆಯೇ ತಪ್ಪು ಹೊರಿಸುತ್ತಿದ್ದೆ. ಕಾರಣ ಆ ಒಂದು ಗುರುತಾಗಿತ್ತು. "ಅಟ್ ಎ ಗ್ಲಾನ್ಸ್" ಚೌಕವನ್ನು ಉಳಿಸಿಕೊಳ್ಳಿ ಎಂದದ್ದು ಇದಕ್ಕೇ: ಗುರುತು ಇರುವಷ್ಟು ಕಾಲವೂ "ಸರ್ಚ್ ಎಂಜಿನ್ಸ್ ಡಿಸ್ಕರೇಜ್ಡ್" ಎಂಬ ಸೂಚನೆ ಅಲ್ಲಿ ಕಾಣುತ್ತಿರುತ್ತದೆ.

"ಪರ್ಮಾಲಿಂಕ್ಸ್" ಪುಟದಲ್ಲಿ "ಪೋಸ್ಟ್ ನೇಮ್" ಎಂಬುದನ್ನು ಆರಿಸಿಕೊಂಡರೆ ಪ್ರತಿ ಬರಹದ ವಿಳಾಸವೂ ಅದರ ಹೆಸರಿನಿಂದಲೇ ಕೂಡಿರುತ್ತದೆ. ಈ ಆಯ್ಕೆಯನ್ನು ಮೊದಲ ಬರಹಕ್ಕಿಂತ ಮೊದಲೇ ಮಾಡಬೇಕು. ಜನ ಹಂಚಿಕೊಂಡ ವಿಳಾಸಗಳನ್ನು ಆಮೇಲೆ ಬದಲಿಸುವುದು ಆಮಂತ್ರಣ ಹಂಚಿದ ಮೇಲೆ ಸಭಾಭವನ ಬದಲಿಸಿದ ಹಾಗೆ.

ಹೊಸ ತಾಣದಲ್ಲಿ ಮಾದರಿಗೆಂದು ಇಟ್ಟಿರುವ "ಹಲೋ ವರ್ಲ್ಡ್" ಎಂಬ ಬರಹವನ್ನೂ "ಸ್ಯಾಂಪಲ್ ಪೇಜ್" ಎಂಬ ಪುಟವನ್ನೂ ತೆಗೆದುಹಾಕಿ. ತೆಗೆದದ್ದು 30 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆದ್ದರಿಂದ ಅಳಿಸುವುದನ್ನು ಅಭ್ಯಾಸ ಮಾಡಲು ಇವೇ ಸೂಕ್ತ.

ಪೋಸ್ಟ್ ಯಾವುದು, ಪೇಜ್ ಯಾವುದು

ಇನ್ನು ದಿನನಿತ್ಯದ ಕೆಲಸ. ದಿನಾಂಕವಿರುವುದು ಪೋಸ್ಟ್, ದಿನಾಂಕದ ಹಂಗಿಲ್ಲದ್ದು ಪೇಜ್ ಎಂಬುದನ್ನು ನೆನಪಿಟ್ಟರೆ ಹೆಚ್ಚಿನ ಸಂದೇಹಗಳು ಪರಿಹಾರವಾಗುತ್ತವೆ. ಸಂಘದ ಪರಿಚಯ, ಹೆಜ್ಜೆಗಾರಿಕೆಯ ತರಗತಿಯ ನಿಯಮಗಳು, ಸಂಪರ್ಕ ವಿಳಾಸ ಇವೆಲ್ಲ ಪೇಜ್‌ಗಳು. ಬಯಲಾಟದ ಸೂಚನೆ, ತಾಳಮದ್ದಳೆಯ ವರದಿ, ತರಗತಿಗೆ ರಜೆ ಎಂಬ ಪ್ರಕಟಣೆ ಇವೆಲ್ಲ ಪೋಸ್ಟ್‌ಗಳು. ಸ್ವಲ್ಪ ಯೋಚಿಸಬೇಕಾದದ್ದು ಆಟದ ಪಟ್ಟಿಯ ವಿಷಯದಲ್ಲಿ. ತಿರುಗಾಟಕ್ಕೆ ಹೊರಟು ಆಟದ ಋತು ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ಮೇಳಗಳ ಆಟ ದಿನಕ್ಕೊಂದು ಊರಿನಲ್ಲಿ ನಡೆಯುತ್ತಿರುತ್ತದೆ. ಅದನ್ನು ದಿನಕ್ಕೊಂದು ಪೋಸ್ಟ್ ಆಗಿ ಹಾಕುತ್ತ ಹೋದರೆ ನಮ್ಮ ಸಂಘದ ಸ್ವಂತ ವರದಿಗಳು ಅಡಿಗೆ ಬಿದ್ದು ಕಾಣದಂತಾಗುತ್ತವೆ. ಹಾಗಾಗಿ ಒಂದೇ ಪೇಜ್ ಮಾಡಿ, ಅದರಲ್ಲಿನ ಕೋಷ್ಟಕವನ್ನು ವಾರಕ್ಕೊಮ್ಮೆ ತಿದ್ದುವ ಕ್ರಮವನ್ನು ನಾವು ಅನುಸರಿಸಿದೆವು. ಓದುಗರಿಗೂ ನೆನಪಿಡಬೇಕಾದ ವಿಳಾಸ ಒಂದೇ ಆಯಿತು.

ಪೋಸ್ಟ್‌ಗಳಿಗೆ ಮಾತ್ರ ಕೆಟಗರಿ ಮತ್ತು ಟ್ಯಾಗ್ ಎಂಬ ಎರಡು ಬಗೆಯ ವಿಂಗಡಣೆಯಿದೆ. ಕೆಟಗರಿಗಳು ಕಪಾಟಿನ ಅರೆಗಳಿದ್ದಂತೆ; ಬಯಲಾಟ, ತಾಳಮದ್ದಳೆ, ತರಗತಿ, ಪ್ರಕಟಣೆ ಎಂಬ ನಾಲ್ಕೈದು ಸಾಕು. ಟ್ಯಾಗ್ ಎಂಬುದು ಪ್ರಸಂಗದ ಹೆಸರು, ಊರಿನ ಹೆಸರು ಮುಂತಾದ ಬಿಡಿ ಗುರುತು. ಯಾವ ಕೆಟಗರಿಯನ್ನೂ ಆರಿಸದಿದ್ದರೆ ಬರಹ "ಅನ್‌ಕೆಟಗರೈಸ್ಡ್" ಎಂಬ ಅರೆಗೆ ಹೋಗುತ್ತದೆ. ಆ ಹೆಸರನ್ನೇ "ಇತರೆ" ಎಂದು ಬದಲಿಸಿಟ್ಟರೆ ಮರೆತಾಗ ಮರ್ಯಾದೆ ಉಳಿಯುತ್ತದೆ.

ಬರೆಯುವ ಪರದೆ

ಪೋಸ್ಟ್ಸ್ ಅಡಿಯಲ್ಲಿ ಹೊಸ ಬರಹ ಸೇರಿಸುವ ಗುಂಡಿಯನ್ನು ಒತ್ತಿದಾಗ ತೆರೆದುಕೊಳ್ಳುವ ಪರದೆಯಲ್ಲಿ ಎಡಬದಿಯ ಪಟ್ಟಿಯೇ ಮಾಯವಾಗಿರುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಬರೆಯುವಾಗ ಗಮನ ಬೇರೆಡೆ ಹೋಗದಿರಲೆಂದು 2020ರ 5.4ನೇ ಆವೃತ್ತಿಯಿಂದ ಪೂರ್ಣಪರದೆಯೇ ಮೊದಲ ಆಯ್ಕೆಯಾಗಿದೆ. ಎಡಮೇಲ್ತುದಿಯ ಚಿಹ್ನೆಯನ್ನು ಒತ್ತಿದರೆ ಹೊರಗೆ ಬರಬಹುದು. ಪಟ್ಟಿ ಯಾವಾಗಲೂ ಕಾಣುತ್ತಿರಬೇಕೆಂದರೆ ಬಲಮೇಲ್ತುದಿಯ ಮೂರು ಚುಕ್ಕೆಗಳನ್ನು ಒತ್ತಿ "ಫುಲ್‌ಸ್ಕ್ರೀನ್ ಮೋಡ್" ಎಂಬುದರ ಗುರುತು ತೆಗೆಯಿರಿ.

ಬರಹದ ಪ್ರತಿಯೊಂದು ಘಟಕವೂ, ಎಂದರೆ ಒಂದು ಪ್ಯಾರಾ, ಒಂದು ಉಪಶೀರ್ಷಿಕೆ, ಒಂದು ಚಿತ್ರ, ಒಂದು ಕೋಷ್ಟಕ, ಇಲ್ಲಿ ಒಂದೊಂದು ಬ್ಲಾಕ್. ಈ ಪದ್ಧತಿ 2018ರ ಡಿಸೆಂಬರ್‌ನ 5.0 ಆವೃತ್ತಿಯಿಂದ ಬಂದದ್ದು; ಅದಕ್ಕಿಂತ ಹಳೆಯ ವಿಡಿಯೊ ಪಾಠಗಳಲ್ಲಿ ಕಾಣುವ ಪರದೆ ಬೇರೆಯೇ ಇರುವುದರಿಂದ ಯಾವುದೇ ಪಾಠವನ್ನು ನೋಡುವ ಮೊದಲು ಅದರ ದಿನಾಂಕ ಗಮನಿಸಿ. ಎಂಟರ್ ಒತ್ತಿದರೆ ಹೊಸ ಬ್ಲಾಕ್. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಅದೇ ಬ್ಲಾಕಿನಲ್ಲಿ ಹೊಸ ಸಾಲು. ಪಾತ್ರವರ್ಗದ ಪಟ್ಟಿಯನ್ನು ಸಾಲುಸಾಲಾಗಿ ಬರೆಯುವಾಗ ಈ ವ್ಯತ್ಯಾಸ ತಿಳಿದಿದ್ದರೆ ಸಾಲುಗಳ ನಡುವೆ ಅನಗತ್ಯ ಅಂತರ ಬೀಳುವುದಿಲ್ಲ. ಕೂಡಿಸುವ ಚಿಹ್ನೆಯನ್ನು ಒತ್ತಿ ಬೇರೆ ಬಗೆಯ ಬ್ಲಾಕ್ ಸೇರಿಸಬಹುದು. ಖಾಲಿ ಸಾಲಿನ ಆರಂಭದಲ್ಲಿ ಸ್ಲ್ಯಾಶ್ ಹಾಕಿ ಬ್ಲಾಕಿನ ಹೆಸರು ಬರೆದರೂ ಅದು ಬರುತ್ತದೆ, ಆದರೆ ಆಗ ಕೀಲಿಮಣೆಯನ್ನು ಕನ್ನಡದಿಂದ ಇಂಗ್ಲಿಷಿಗೆ ಬದಲಿಸಬೇಕು. ಆ ಅಡಚಣೆಗಾಗಿಯೇ ನಾನು ಕೂಡಿಸುವ ಚಿಹ್ನೆಯನ್ನೇ ಬಳಸುತ್ತೇನೆ.

ಬಲಬದಿಯ ಫಲಕದಲ್ಲಿ ಎರಡು ಹಾಳೆಗಳಿವೆ. ಒಂದು ಇಡೀ ಪೋಸ್ಟ್‌ಗೆ ಸಂಬಂಧಿಸಿದ್ದು: ಕೆಟಗರಿ, ಮುಖ್ಯ ಚಿತ್ರ, ಪ್ರಕಟಣೆಯ ಸಮಯ ಎಲ್ಲವೂ ಅಲ್ಲಿರುತ್ತವೆ. ಇನ್ನೊಂದು ಈ ಕ್ಷಣ ನೀವು ಆರಿಸಿಕೊಂಡಿರುವ ಬ್ಲಾಕಿಗೆ ಸಂಬಂಧಿಸಿದ್ದು: ಅಕ್ಷರದ ಗಾತ್ರ, ಬಣ್ಣ ಇತ್ಯಾದಿ. ಕೆಟಗರಿ ಎಲ್ಲಿ ಹೋಯಿತು ಎಂದು ಹುಡುಕಾಡುವವರು ಸಾಮಾನ್ಯವಾಗಿ ಎರಡನೆಯ ಹಾಳೆಯಲ್ಲಿ ನಿಂತಿರುತ್ತಾರೆ. ಅಕ್ಷರಗಳಿಗೆ ಬಗೆಬಗೆಯ ಬಣ್ಣ ಬಳಿಯುವ ಉಪಕರಣಗಳು ಅಲ್ಲಿರುವುದು ನಿಜ, ಬಳಿಯಲೇಬೇಕೆಂದಿಲ್ಲ.

ಮಳೆಗಾಲದಲ್ಲಿ ಗಾಳಿ ಬೀಸಿದೊಡನೆ ಕರೆಂಟು ಹೋಗುವ ನಮ್ಮ ಕಡೆ, ಬರೆದದ್ದು ಉಳಿಯುತ್ತದೆಯೇ ಎಂಬುದು ದೊಡ್ಡ ಚಿಂತೆ. ಸಂಪರ್ಕವಿರುವಷ್ಟು ಹೊತ್ತು ಬರಹವು ಪ್ರತಿ 60 ಸೆಕೆಂಡಿಗೊಮ್ಮೆ ತಾನಾಗಿ ಉಳಿಯುವಂತೆ ವ್ಯವಸ್ಥೆಯಿದೆ. ಆದರೂ "ಸೇವ್ ಡ್ರಾಫ್ಟ್" ಎಂಬುದನ್ನು ಆಗಾಗ ಒತ್ತುತ್ತಿರುವುದು ಒಳ್ಳೆಯದು. ಉಳಿಸಿದ ಹಿಂದಿನ ರೂಪಗಳು "ರಿವಿಶನ್ಸ್" ಎಂಬಲ್ಲಿ ಸಾಲಾಗಿ ಸಿಗುತ್ತವೆ. ಯಾರೋ ತಿಳಿಯದೆ ಅರ್ಧ ವರದಿಯನ್ನು ಅಳಿಸಿದರೂ ನಿನ್ನೆಯ ರೂಪಕ್ಕೆ ಮರಳಬಹುದು. ಮೊದಲೇ ಹೇಳಿದ ಅಳುಕನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಗುಂಡಿ ಡ್ಯಾಶ್‌ಬೋರ್ಡ್‌ನಲ್ಲಿ ಇನ್ನೊಂದಿಲ್ಲ. ಇಬ್ಬರು ಒಂದೇ ಬರಹವನ್ನು ಒಮ್ಮೆಗೇ ತೆರೆದರೆ, ಈಗ ಇನ್ನೊಬ್ಬರು ತಿದ್ದುತ್ತಿದ್ದಾರೆ ಎಂಬ ಸೂಚನೆ ಬರುತ್ತದೆ. ಆಗ "ಟೇಕ್ ಓವರ್" ಒತ್ತುವ ಮೊದಲು ಅವರಿಗೊಂದು ಕರೆ ಮಾಡುವುದು ಸೌಜನ್ಯ.

ಕನ್ನಡಕ್ಕೇ ವಿಶಿಷ್ಟವಾದ ಎರಡು ತೊಡಕುಗಳು

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಕಾಣಸಿಗದ ಭಾಗ ಇದು. ನಮ್ಮಲ್ಲಿ ಆಮಂತ್ರಣ ಪತ್ರಿಕೆಯ ಪಠ್ಯ ಮೊದಲು ಸಿದ್ಧವಾಗುವುದು ಮುದ್ರಣಾಲಯದಲ್ಲಿ. ಅಲ್ಲಿ "ನುಡಿ" ಅಥವಾ "ಬರಹ" ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಪಠ್ಯವನ್ನು ನಕಲು ಮಾಡಿ ತಂದು ಬ್ಲಾಕಿನಲ್ಲಿ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೆರೆಯಿರುವ ವಿಚಿತ್ರ ಲಿಪಿಯೂ ಕಾಣುತ್ತವೆ. ನುಡಿಯ ಪಠ್ಯವಾದರೆ ನಕಾರವಿರಬೇಕಾದಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ ಇಣುಕುತ್ತದೆ. ಇದು ವರ್ಡ್‌ಪ್ರೆಸ್‌ನ ದೋಷವಲ್ಲ. ಆ ಹಳೆಯ ಅಕ್ಷರಗಳು ಇಂಗ್ಲಿಷಿನ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಜಾಲತಾಣಕ್ಕೆ ಬೇಕಾದದ್ದು ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಸ್ಥಾನಗಳಿರುವ ಯೂನಿಕೋಡ್. ನುಡಿಯೊಂದಿಗೆ ಬರುವ ಪರಿವರ್ತಕದಲ್ಲಿ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಂಡು ಅನಂತರ ಅಂಟಿಸಬೇಕು. ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಮ್ಮೆ ಓದಿ ನೋಡಿ. ಪಠ್ಯದ ನಡುವೆ ನಿಜವಾಗಿಯೂ ಇಂಗ್ಲಿಷಿನಲ್ಲಿದ್ದ ಪದಗಳು ಈಗ ಅರ್ಥವಿಲ್ಲದ ಕನ್ನಡವಾಗಿ ಬದಲಾಗಿರುವ ಸಾಧ್ಯತೆಯೂ ಇದೆ. ನೇರವಾಗಿ ಬರೆಯುವವರು ನುಡಿಯ ಯೂನಿಕೋಡ್ ವಿಧಾನವನ್ನೋ ಮೊಬೈಲಿನಲ್ಲಾದರೆ ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡನ್ನೋ ಬಳಸಬಹುದು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ನುಡಿಯ ವಿನ್ಯಾಸಕ್ಕೂ ಆಧಾರವಾದ್ದರಿಂದ, ಅದರಲ್ಲಿ ಪಳಗಿದ ಕೈಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ.

ಎರಡನೆಯದು ವಿಳಾಸದ ತೊಡಕು. ಬರಹದ ಶೀರ್ಷಿಕೆಯಿಂದಲೇ ವರ್ಡ್‌ಪ್ರೆಸ್ ವಿಳಾಸದ ಕೊನೆಯ ತುಣುಕನ್ನು ತಯಾರಿಸುತ್ತದೆ. ಅದಕ್ಕೆ ಸ್ಲಗ್ ಎಂದು ಹೆಸರು. ಕನ್ನಡದ ಶೀರ್ಷಿಕೆಯಿಂದ ಹುಟ್ಟಿದ ಸ್ಲಗ್ ಬ್ರೌಸರ್‌ನಲ್ಲಿ ಕನ್ನಡವಾಗಿಯೇ ಕಂಡರೂ, ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಾಕಿದಾಗ ಶೇಕಡಾ ಚಿಹ್ನೆಗಳೂ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಬೆರೆತ ಉದ್ದದ ಸರಪಳಿಯಾಗುವುದನ್ನು ನೀವು ನೋಡಿರಬಹುದು. ಮೂಲಾಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಹಲಂತ ಚಿಹ್ನೆ ಹೀಗೆ ಕನ್ನಡದ ಪ್ರತಿಯೊಂದು ಸಂಕೇತವೂ ಆ ರೂಪದಲ್ಲಿ 9 ಅಕ್ಷರಗಳಷ್ಟು ಜಾಗ ಹಿಡಿಯುತ್ತದೆ. ಸ್ಲಗ್‌ಗೆ ಮೀಸಲಾದ ಜಾಗವೋ 200 ಅಕ್ಷರ. ಎಂದರೆ ಕನ್ನಡದ 22 ಸಂಕೇತಗಳು ಮುಗಿಯುವಷ್ಟರಲ್ಲಿ ಜಾಗ ಮುಗಿಯುತ್ತದೆ. "ಮಳೆಗಾಲದ ತಾಳಮದ್ದಳೆ ಸಪ್ತಾಹಕ್ಕೆ ಉಡುಪಿಯಲ್ಲಿ ಚಾಲನೆ" ಎಂಬ ಶೀರ್ಷಿಕೆ ಕೊಟ್ಟರೆ ವಿಳಾಸವು ಮೂರನೆಯ ಪದದ ನಡುವಿನಲ್ಲಿಯೇ, "ಸಪ್ತಾಹ" ಎಂಬಲ್ಲಿಗೆ ಕತ್ತರಿಸಿಹೋಗುತ್ತದೆ. ಪ್ರಕಟಿಸುವ ಮೊದಲು ಬಲಬದಿಯ ಫಲಕದಲ್ಲಿ ಸ್ಲಗ್ ಇರುವಲ್ಲಿಗೆ ಹೋಗಿ, ಮೂರು ನಾಲ್ಕು ಪದಗಳನ್ನು ಇಂಗ್ಲಿಷ್ ಲಿಪಿಯ ಸಣ್ಣಕ್ಷರಗಳಲ್ಲಿ, ನಡುವೆ ಹೈಫನ್ ಹಾಕಿ ಬರೆಯುವುದು ಇದಕ್ಕೆ ಪರಿಹಾರ. ಶೀರ್ಷಿಕೆ ಕನ್ನಡದಲ್ಲಿಯೇ ಇರುತ್ತದೆ. ವಿಳಾಸ ಮಾತ್ರ ಚಿಕ್ಕದಾಗಿ, ದೂರವಾಣಿಯಲ್ಲಿ ಹೇಳಿ ಬರೆಸುವಂತಾಗುತ್ತದೆ. ಕನ್ನಡ ತಾಣದ ವಿಳಾಸ ಕನ್ನಡದಲ್ಲಿಯೇ ಇರಲಿ ಎನ್ನುವವರ ವಾದವನ್ನು ನಾನು ಗೌರವಿಸುತ್ತೇನೆ. ಅವರು ಸ್ಲಗ್ಗನ್ನು ಎರಡು ಪದಕ್ಕೆ ಮಿತಗೊಳಿಸಿದರೆ ಆಯಿತು.

ಬರಹ ಸಿದ್ಧವಾದ ಮೇಲೆ "ಪಬ್ಲಿಶ್" ಒತ್ತಿದರೆ ವರ್ಡ್‌ಪ್ರೆಸ್ ಮತ್ತೊಮ್ಮೆ ಕೇಳುತ್ತದೆ. ಎರಡನೆಯ ಸಲ ಒತ್ತಿದಾಗಲೇ ಅದು ರಂಗಸ್ಥಳಕ್ಕೆ ಬರುವುದು. ಮುಂದಿನ ದಿನಾಂಕ ಕೊಟ್ಟಿದ್ದರೆ ಅದೇ ಗುಂಡಿ "ಶೆಡ್ಯೂಲ್" ಎಂದು ಬದಲಾಗುತ್ತದೆ.

ಚಿತ್ರಗಳು

ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಹಾಗೆಯೇ ಏರಿಸುವುದು ಎಲ್ಲರ ಅಭ್ಯಾಸ. ಏರಿಸಿದ ಪ್ರತಿ ಚಿತ್ರಕ್ಕೂ ವರ್ಡ್‌ಪ್ರೆಸ್ ಹಲವು ಗಾತ್ರಗಳ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ 150, 300 ಮತ್ತು 1024 ಪಿಕ್ಸೆಲ್‌ಗಳವು ಅವುಗಳಲ್ಲಿ ಮುಖ್ಯ. ಮೂಲ ಚಿತ್ರ 2560 ಪಿಕ್ಸೆಲ್‌ಗಿಂತ ದೊಡ್ಡದಾಗಿದ್ದರೆ ಅದನ್ನು ಆ ಮಿತಿಗೆ ಇಳಿಸಿದ ಪ್ರತಿಯೂ ಸಿದ್ಧವಾಗುತ್ತದೆ, ಮೂಲವೂ ಉಳಿಯುತ್ತದೆ. ಹೀಗೆ ಒಂದು ರಾತ್ರಿಯ ಬಯಲಾಟದ ಐವತ್ತು ಚಿತ್ರಗಳು ಸರ್ವರ್‌ನಲ್ಲಿ ಕೆಲವು ನೂರು ಕಡತಗಳಾಗುತ್ತವೆ. ಮೊದಲೇ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಐವತ್ತರಲ್ಲಿ ಎಂಟನ್ನು ಆರಿಸಿ ಏರಿಸುವುದು ನನ್ನ ಕ್ರಮ. ಆರಿಸುವ ಕಷ್ಟ ಏರಿಸುವ ಕಷ್ಟಕ್ಕಿಂತ ದೊಡ್ಡದು, ಏಕೆಂದರೆ ಪ್ರತಿ ವೇಷಧಾರಿಗೂ ತನ್ನ ಚಿತ್ರ ಇರಬೇಕೆಂಬ ಆಸೆ ಇರುತ್ತದೆ.

ಚಿತ್ರವನ್ನು ಆರಿಸಿದಾಗ ಕಾಣುವ "ಆಲ್ಟ್ ಟೆಕ್ಸ್ಟ್" ಎಂಬಲ್ಲಿ ಚಿತ್ರದಲ್ಲಿ ಏನಿದೆ ಎಂದು ಒಂದು ವಾಕ್ಯ ಬರೆಯಬೇಕು. ಚಿತ್ರವನ್ನು ನೋಡಲಾಗದವರಿಗೆ ತಂತ್ರಾಂಶ ಓದಿ ಹೇಳುವುದು ಅದನ್ನೇ. "ಕ್ಯಾಪ್ಶನ್" ಎಂಬುದು ಎಲ್ಲರಿಗೂ ಕಾಣುವ ಅಡಿಬರಹ. ಕಲಾವಿದರ ಹೆಸರುಗಳನ್ನು ಎಡದಿಂದ ಬಲಕ್ಕೆ ಇಲ್ಲಿ ಬರೆಯಿರಿ. ತರಗತಿಯ ಮಕ್ಕಳ ಚಿತ್ರಗಳನ್ನು ಹಾಕುವ ಮೊದಲು ಹೆತ್ತವರ ಒಪ್ಪಿಗೆ ಪಡೆಯುವುದನ್ನು ನಾವು ನಿಯಮವಾಗಿಯೇ ಮಾಡಿಕೊಂಡಿದ್ದೇವೆ.

ರೂಪ, ಪ್ಲಗಿನ್, ಬಳಕೆದಾರರು

ಅಪಿಯರೆನ್ಸ್‌ನ ಅಡಿಯಲ್ಲಿ ನಿಮಗೆ ಕಾಣುವುದು ಎಲ್ಲರಿಗೂ ಕಾಣುವುದಕ್ಕಿಂತ ಬೇರೆಯಾಗಿರಬಹುದು. ತಾಣದ ಒಟ್ಟು ನೋಟವನ್ನು ನಿರ್ಧರಿಸುವ ವಿನ್ಯಾಸಕ್ಕೆ ಥೀಮ್ ಎನ್ನುತ್ತಾರೆ. ಅದು ಹಳೆಯ ಬಗೆಯದಾಗಿದ್ದರೆ ಕಸ್ಟಮೈಸ್, ಮೆನೂಸ್, ವಿಜೆಟ್ಸ್ ಎಂಬ ಹೆಸರುಗಳಿರುತ್ತವೆ. 2022ರ ಜನವರಿಯ 5.9 ಆವೃತ್ತಿಯ ನಂತರ ಹಬ್ಬಿದ ಬ್ಲಾಕ್ ಥೀಮ್ ಆಗಿದ್ದರೆ ಅವುಗಳ ಬದಲು "ಎಡಿಟರ್" ಎಂಬುದು ಪ್ರಧಾನವಾಗಿರುತ್ತದೆ. ಪಕ್ಕದ ಊರಿನ ಸಂಘದವರು ಹೇಳಿದ ಗುಂಡಿ ನಿಮ್ಮಲ್ಲಿ ಇಲ್ಲವೆಂದರೆ ಕಾರಣ ಇದು.

ಕನ್ನಡದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಅಕ್ಷರವಿನ್ಯಾಸ. ಹೆಚ್ಚಿನ ಥೀಮ್‌ಗಳ ಜೊತೆ ಬರುವ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಆಗ ನೋಡುವವರ ಸಾಧನದಲ್ಲಿರುವ ಕನ್ನಡ ಫಾಂಟ್ ಬಳಕೆಯಾಗುತ್ತದೆ, ವಿಂಡೋಸ್‌ನಲ್ಲಿ ಒಂದು ರೂಪ, ಮೊಬೈಲಿನಲ್ಲಿ ಇನ್ನೊಂದು ರೂಪ. ಏಕರೂಪ ಬೇಕೆಂದರೆ 2024ರ 6.5 ಆವೃತ್ತಿಯಲ್ಲಿ ಬಂದ ಫಾಂಟ್ ಲೈಬ್ರರಿಯ ಮೂಲಕ ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಅಥವಾ ಬಾಲೂ ತಮ್ಮ ಇಂಥ ಮುಕ್ತ ಫಾಂಟ್‌ಗಳನ್ನು ಸೇರಿಸಿಕೊಳ್ಳಬಹುದು. ಅದಕ್ಕಿಂತಲೂ ಮುಖ್ಯವಾದದ್ದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಹೊಂದುವ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗುತ್ತವೆ. ಅಂತರವನ್ನು 1.7ರ ಸುಮಾರಿಗೆ ಏರಿಸಿ, ಶೀರ್ಷಿಕೆಗಳಲ್ಲಿ ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತಂದು ನೋಡಿ. ಓದುವ ಸುಖ ತಾನಾಗಿ ಹೆಚ್ಚುತ್ತದೆ. ಈ ಬದಲಾವಣೆಗಳನ್ನು ತಾಣ ಕಟ್ಟಿದವರ ಕೈಯಲ್ಲಿಯೇ ಮಾಡಿಸಿದರೂ ಆದೀತು, ಕೇಳಿ ಮಾಡಿಸಬೇಕು ಅಷ್ಟೆ.

ಪ್ಲಗಿನ್‌ಗಳ ಬಗ್ಗೆ ನನ್ನ ನಿಲುವು ಜಿಪುಣನದು. ತಾಣಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ಪ್ರತಿಯೊಂದು ಪ್ಲಗಿನ್ ಕೂಡ ಬೇರೆಯವರು ಬರೆದ ತಂತ್ರಾಂಶವಾದ್ದರಿಂದ ನಿಜವಾಗಿ ಬೇಕಾದದ್ದನ್ನು ಮಾತ್ರ, ಅದರ ಪುಟದಲ್ಲಿ ಕಾಣಿಸಿರುವ ಕೊನೆಯ ನವೀಕರಣದ ದಿನಾಂಕವನ್ನು ನೋಡಿಕೊಂಡು ಹಾಕಬೇಕು. ವರ್ಷಗಟ್ಟಲೆ ನವೀಕರಣ ಕಾಣದ್ದು ಬೇಡ. ಬಳಸದಿರುವುದನ್ನು ನಿಷ್ಕ್ರಿಯಗೊಳಿಸಿ ಸುಮ್ಮನಿರದೆ ಅಳಿಸಿಯೇ ಬಿಡಬೇಕು.

ಬಳಕೆದಾರರ ವಿಷಯದಲ್ಲಿ ನಮ್ಮಲ್ಲಿ ಕಾಣುವ ಕೆಟ್ಟ ರೂಢಿಯೆಂದರೆ ಒಂದೇ ಪಾಸ್‌ವರ್ಡನ್ನು ಸಮಿತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು. ಅದರ ಬದಲು "ಯೂಸರ್ಸ್" ಎಂಬಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿ, ಕೆಲಸಕ್ಕೆ ತಕ್ಕ ಪಾತ್ರ ಕೊಡಬೇಕು. ಅಡ್ಮಿನಿಸ್ಟ್ರೇಟರ್ ಎಲ್ಲವನ್ನೂ ಬದಲಿಸಬಲ್ಲವರು. ಅಂಥವರು ಇಬ್ಬರು ಸಾಕು. ಎಡಿಟರ್ ಯಾರ ಬರಹವನ್ನಾದರೂ ತಿದ್ದಿ ಪ್ರಕಟಿಸಬಲ್ಲರು. ಆಥರ್ ತಮ್ಮ ಬರಹವನ್ನು ಮಾತ್ರ ಪ್ರಕಟಿಸಬಲ್ಲರು. ಕಾಂಟ್ರಿಬ್ಯೂಟರ್ ಬರೆದು ಪರಿಶೀಲನೆಗೆ ಒಪ್ಪಿಸಬಹುದು, ಆದರೆ ಪ್ರಕಟಿಸುವಂತಿಲ್ಲ, ಚಿತ್ರ ಏರಿಸುವಂತೆಯೂ ಇಲ್ಲ. ಚಿತ್ರಸಹಿತ ವರದಿ ಬರೆಯುವ ಯುವಕರಿಗೆ ಈ ಕಾರಣದಿಂದ ಆಥರ್ ಪಾತ್ರವೇ ಅನುಕೂಲ. ಖಾತೆಯ ಬಳಕೆದಾರ ಹೆಸರನ್ನು ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಬದಲಿಸಲಾಗದು. ಬರಹದ ಜೊತೆ ಕಾಣುವ ಹೆಸರನ್ನು ಮಾತ್ರ ಪ್ರೊಫೈಲ್‌ನಲ್ಲಿ ಕನ್ನಡದಲ್ಲಿ ಕೊಡಬಹುದು.

ನವೀಕರಣ ಮತ್ತು ಪ್ರತಿ

ಎಡಬದಿಯ ಪಟ್ಟಿಯಲ್ಲಿ ಅಪ್‌ಡೇಟ್ಸ್ ಅಥವಾ ಪ್ಲಗಿನ್ಸ್ ಪಕ್ಕ ಕೆಂಪು ವೃತ್ತದೊಳಗೆ ಅಂಕಿ ಕಂಡರೆ ನವೀಕರಣಗಳು ಕಾದಿವೆ ಎಂದರ್ಥ. ಅವುಗಳನ್ನು ತಿಂಗಳುಗಟ್ಟಲೆ ಮುಂದೂಡಬಾರದು. ಕಾರ್ಯಕ್ರಮದ ದಿನ ಬೆಳಿಗ್ಗೆ ಒತ್ತಲೂಬಾರದು. ನಾವು ತಿಂಗಳ ಮೊದಲ ಮಂಗಳವಾರ ರಾತ್ರಿಯನ್ನು ಅದಕ್ಕೆ ಗೊತ್ತುಮಾಡಿದ್ದೇವೆ. ನವೀಕರಣಕ್ಕೆ ಮೊದಲು ಇಡೀ ತಾಣದ ಪ್ರತಿಯನ್ನು ಸರ್ವರ್ ಕೊಟ್ಟವರ ನಿಯಂತ್ರಣ ಫಲಕದಿಂದ ಇಳಿಸಿಕೊಳ್ಳುತ್ತೇವೆ. ಟೂಲ್ಸ್‌ನಲ್ಲಿರುವ "ಎಕ್ಸ್‌ಪೋರ್ಟ್" ಗುಂಡಿಯೂ ಒಂದು ಕಡತ ಕೊಡುತ್ತದೆ, ಆದರೆ ಅದರಲ್ಲಿರುವುದು ಪೋಸ್ಟ್, ಪೇಜ್‌ಗಳ ಪಠ್ಯ ಮತ್ತು ಅವುಗಳ ವಿಂಗಡಣೆ. ಚಿತ್ರಗಳ ವಿಳಾಸ ಅದರಲ್ಲಿರುತ್ತದೆಯೇ ಹೊರತು ಚಿತ್ರಗಳಿರುವುದಿಲ್ಲ. ಆ ಕಡತವೊಂದನ್ನೇ ನಂಬಿ ಹಳೆಯ ಸರ್ವರ್‌ನ ಬಾಡಿಗೆಯನ್ನು ನಿಲ್ಲಿಸಿದರೆ ವರದಿಗಳೆಲ್ಲ ಉಳಿದು, ವೇಷಗಳ ಒಂದು ಚಿತ್ರವೂ ಸಿಗದೆ ಹೋಗುತ್ತದೆ. ಆದುದರಿಂದ ಅಪ್‌ಲೋಡ್ಸ್ ಎಂಬ ಹೆಸರಿನ, ವರ್ಷ ಮತ್ತು ತಿಂಗಳ ಪ್ರಕಾರ ಜೋಡಿಸಿದ ಚಿತ್ರಗಳ ಕೋಶ ಹಾಗೂ ಬರಹಗಳಿರುವ ಡೇಟಾಬೇಸ್ ಇವೆರಡೂ ಪ್ರತಿಯಲ್ಲಿ ಸೇರಿವೆಯೇ ಎಂದು ತಾಣ ಕಟ್ಟಿದವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ, ಮತ್ತು ಆ ಪ್ರತಿಯನ್ನು ತಾಣವಿರುವ ಸರ್ವರ್‌ನಲ್ಲಿಯೇ ಬಿಡದೆ ಸಂಘದ ಕಪಾಟಿನ ಒಂದು ಹಾರ್ಡ್‌ಡಿಸ್ಕಿನಲ್ಲಿ ದಿನಾಂಕ ಬರೆದಿಡಿ.